ಹೈಸ್ಕೂಲಿನಲ್ಲೇ ಕಾಲೇಜು: ಎಷ್ಟು ಬೇಕು, ಯಾಕೆ ಬೇಕು?

ಅಮೆರಿಕದಲ್ಲಿರುವ ನಾವು ನಾಲ್ಕು ಜನ ತಂದೆತಾಯಿಗಳು ಒಂದೆಡೆ ಸೇರಿದರೆ ಮಾತು ಬೇಗನೆ ಮಕ್ಕಳ ಎಪಿ ತರಗತಿಗಳಿಗೆ ಬಂದು ನಿಲ್ಲುತ್ತದೆ. "ನಿಮ್ಮ ಮಗಳು ಎಷ್ಟು ತಗೊಂಡಿದ್ದಾಳೆ?" ಎಂದು ಎಲ್ಲರೂ ಕೇಳುತ್ತೇವೆ. "ಯಾಕೆ ತಗೊಂಡಿದ್ದಾಳೆ?" ಎಂದು ಕೇಳುವವರು ಕಡಿಮೆ.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಸಿಗುವುದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಕಾಲೇಜ್ ಬೋರ್ಡ್ 1955ರಿಂದ ಎಪಿ ಕಾರ್ಯಕ್ರಮವನ್ನು ನಡೆಸುತ್ತಿದೆ. ಮೇ ತಿಂಗಳ ಪರೀಕ್ಷೆಯಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇನ್ನೊಂದು ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್. ಮಿನ್ನೆಸೋಟ ರಾಜ್ಯ 1985ರಲ್ಲೇ ಇದಕ್ಕಾಗಿ ಕಾನೂನು ಮಾಡಿತು. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್ ಯೋಜನೆಯಲ್ಲಿ 11 ಮತ್ತು 12ನೇ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಕಮ್ಯುನಿಟಿ ಕಾಲೇಜಿನಲ್ಲಿ ಓದಬಹುದು. ಕಾಲೇಜಿನ ಖರ್ಚು ಗೊತ್ತಿರುವ ನಮಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಕ್ರೆಡಿಟ್ ಕೊಡುವುದು ಬಿಡುವುದು ಆಯಾ ಕಾಲೇಜಿನ ಇಚ್ಛೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 3 ಅಂಕ ಬಂದರೂ ಕ್ರೆಡಿಟ್ ಕೊಡುತ್ತದೆ. ಡಾರ್ಟ್‌ಮತ್ ಕಾಲೇಜು 2014ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಹಿಡಿದು ಪದವಿಗಾಗಿ ಎಪಿ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಡ್ಯುಯಲ್ ಎನ್‌ರೋಲ್‌ಮೆಂಟಿನ ಗ್ರೇಡು ಕಾಲೇಜಿನ ದಾಖಲೆಯಲ್ಲೇ ಉಳಿಯುತ್ತದೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಅದನ್ನೂ ತೋರಿಸಬೇಕು. ಹದಿನಾರನೇ ವಯಸ್ಸಿನಲ್ಲಿ ಅವಸರದಿಂದ ತೆಗೆದುಕೊಂಡ ಒಂದು 'ಸಿ' ವರ್ಷಗಳ ನಂತರವೂ ಎದುರಿಗೆ ಬಂದು ನಿಲ್ಲಬಹುದು.

ಇದಕ್ಕೆ ಮಕ್ಕಳು ತೆರುವ ಬೆಲೆಯೂ ಇದೆ. ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಸಂಗೀತ, ಕೊನೆಗೆ ನಮ್ಮ ಭಾಷಾ ತರಗತಿ. ಒಂಬತ್ತನೇ ತರಗತಿಗೆ ಬರುತ್ತಿದ್ದಂತೆ ಕನ್ನಡದ ಬೆಂಚುಗಳು ಖಾಲಿಯಾಗುತ್ತವೆ. ಎಪಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜಪಾನಿ, ಲ್ಯಾಟಿನ್ ಇವೆ, ಕನ್ನಡ ಇಲ್ಲ. ಅಂಕ ಸಿಗದ ವಿಷಯಕ್ಕೆ ವೇಳೆ ಯಾಕೆ ಎಂದು ಮಕ್ಕಳು ಕೇಳಿದರೆ ತಪ್ಪು ಅವರದಲ್ಲ, ಆ ಲೆಕ್ಕ ಕಲಿಸಿದವರು ದೊಡ್ಡವರು. ಅಂದ ಹಾಗೆ, 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ 'ಸೀಲ್ ಆಫ್ ಬೈಲಿಟರಸಿ' ಎಂಬ ದ್ವಿಭಾಷಾ ಮನ್ನಣೆ ಈಗ ಬಹುತೇಕ ರಾಜ್ಯಗಳಲ್ಲಿದೆ. ನಿಮ್ಮ ಶಾಲೆಯಲ್ಲಿ ಅದಕ್ಕೆ ಕನ್ನಡವನ್ನು ಪರಿಗಣಿಸುತ್ತಾರೆಯೇ ಎಂದು ಕೌನ್ಸೆಲರ್ ಬಳಿ ವಿಚಾರಿಸಿ.

ವಿದ್ಯಾರ್ಥಿಗಳೇ, ಕ್ರೆಡಿಟ್ ಸಿಗದಿದ್ದರೂ ಓದಬೇಕೆನಿಸುವ ವಿಷಯಗಳನ್ನು ಮೊದಲು ಆರಿಸಿಕೊಳ್ಳಿ. ಜೀವಶಾಸ್ತ್ರ ಇಷ್ಟವಿದ್ದರೆ ಅದನ್ನು ಆಳವಾಗಿ ಓದಿ, ಪಕ್ಕದ ಮನೆಯವರು ತೆಗೆದುಕೊಂಡರೆಂದು ಅರ್ಥಶಾಸ್ತ್ರ ಬೇಡ. ಪೋಷಕರೇ, ಸೇರಬೇಕೆಂದಿರುವ ಕಾಲೇಜುಗಳ ನಿಯಮವನ್ನು ಮೊದಲೇ ನೋಡಿಕೊಳ್ಳಿ, ಎಣಿಕೆಯನ್ನು ಆಮೇಲೆ ಮಾಡೋಣ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಸೆಮಿಸ್ಟರ್ ಬೇಗ ಮುಗಿಸುವುದು ಲಾಭವೇ, ಆದರೆ ಅಜ್ಜಿಯ ಜೊತೆ ಫೋನಿನಲ್ಲಿ ಅವರದೇ ಭಾಷೆಯಲ್ಲಿ ಮಾತಾಡುವುದನ್ನು ಕಲಿಯಲು ಇರುವ ವರ್ಷಗಳೂ ಇವೇ.