ಕಂಪ್ಯೂಟರಿನ ಜರಡಿಯಲ್ಲಿ ನೆಲಾವರಿಕೆ

ಯಾವುದೋ ಮೂಲಿಕೆ ಭೇದಿ ಮಾಡಿಸುವ ಗುಟ್ಟನ್ನು ಕಂಪ್ಯೂಟರ್ ಬಯಲು ಮಾಡಿತು ಎಂಬ ಧಾಟಿಯ ಸುದ್ದಿಗಳನ್ನು ತುಸು ಅನುಮಾನದಿಂದಲೇ ಓದಬೇಕು. ಇಂಥ ಅಧ್ಯಯನಗಳ ಕ್ರಮ ಬಹುಮಟ್ಟಿಗೆ ಒಂದೇ: ಗಿಡದಲ್ಲಿರುವ ರಾಸಾಯನಿಕಗಳನ್ನು ಪಟ್ಟಿ ಮಾಡಿ, ರಕ್ತಕ್ಕೆ ಸೇರಬಲ್ಲವನ್ನಷ್ಟೇ ಜರಡಿ ಹಿಡಿದು ಉಳಿಸಿಕೊಂಡು, ಅವು ದೇಹದ ಯಾವ ಪ್ರೋಟೀನಿಗೆ ಅಂಟಬಲ್ಲವೆಂದು ಲೆಕ್ಕ ಹಾಕುವುದು. ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಜರಡಿಯ ಬಗ್ಗೆ.

ಸೋನಾಮುಖಿ ಎಂದೂ ಹೆಸರಿರುವ ನೆಲಾವರಿಕೆಯನ್ನೇ ನೋಡಿ. ಅದರ ಎಲೆಯಲ್ಲಿರುವ ಮುಖ್ಯ ವಿರೇಚಕ ಸೆನ್ನೊಸೈಡ್. ಅಣುತೂಕ ಸುಮಾರು 862. ಬಾಯಿಂದ ಕೊಡುವ ಔಷಧದ ಅಣುತೂಕ 500 ದಾಟಿದರೆ ದೇಹ ಅದನ್ನು ಹೀರಿಕೊಳ್ಳುವುದು ಕಷ್ಟ ಎಂದು 1997ರಲ್ಲಿ ಲಿಪಿನ್‌ಸ್ಕಿ ಮತ್ತು ಸಂಗಡಿಗರು ಹೇಳಿದ್ದರು. ಆದರೆ ಸೆನ್ನೊಸೈಡಿಗೆ ರಕ್ತ ಸೇರುವ ದರ್ದೇ ಇಲ್ಲ. ಅದು ಬಹುಪಾಲು ಹಾಗೆಯೇ ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯ ಭಾಗವನ್ನು ಕತ್ತರಿಸಿ ರೈನ್ ಆಂಥ್ರೋನ್ ಆಗಿ ಮಾರ್ಪಡಿಸಿದ ಮೇಲೆಯೇ ಕರುಳಿನ ಚಲನೆ ಚುರುಕಾಗುವುದು, ಮಲದಲ್ಲಿ ನೀರು ಉಳಿಯುವುದು. ರಾತ್ರಿ ಕುಡಿದದ್ದು ಬೆಳಿಗ್ಗೆ ಕೆಲಸ ಮಾಡುವುದೂ ಈ ಕಾರಣಕ್ಕೇ. ಜರಡಿಯಲ್ಲಿ ಸೆನ್ನೊಸೈಡ್ ಹೊರಬೀಳುತ್ತದೆ. ಕರುಳಿನಲ್ಲಿ ಹುಟ್ಟುವ ಆಂಥ್ರೋನ್ ಎಲೆಯ ಪಟ್ಟಿಯಲ್ಲಿ ಬರುವುದೇ ಅನುಮಾನ. ಕೊನೆಗೆ ಉಳಿಯುವುದು ಕ್ವೆರ್ಸೆಟಿನ್‌ನಂಥವು. ಅದು ಈರುಳ್ಳಿಯಲ್ಲೂ ಧಾರಾಳವಾಗಿದೆ, ಈರುಳ್ಳಿ ಬಜ್ಜಿ ತಿಂದವರು ಯಾರೂ ಅದನ್ನು ಭೇದಿಯ ಮದ್ದೆಂದು ಹೇಳಿದ್ದಿಲ್ಲ.

ಸಾವಿರಾರು ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಲು ಹಣವೆಲ್ಲಿದೆ, ಅಷ್ಟು ಪ್ರಾಣಿಗಳನ್ನೇಕೆ ಬಲಿಕೊಡಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಎಲ್ಲಿ ಹುಡುಕಬೇಕೆಂದು ತೋರಿಸಲು ಕಂಪ್ಯೂಟರ್ ಬೇಕು, ಸಿಕ್ಕಿತೆಂದು ಸಾರಲು ಅದು ಸಾಲದು. ಹರಳೆಣ್ಣೆಯ ರಿಸಿನೋಲಿಯಿಕ್ ಆಮ್ಲ ಇಪಿ3 ಎಂಬ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಆ ಗ್ರಾಹಕವಿಲ್ಲದ ಇಲಿಗಳಲ್ಲಿ ಹರಳೆಣ್ಣೆ ಭೇದಿ ಮಾಡಿಸಲಿಲ್ಲ. ಇದಕ್ಕೆ ಅದು ಅಂಟಬಹುದು ಎನ್ನುವುದು ಒಂದು, ಇದಿಲ್ಲದಿದ್ದರೆ ಅದು ನಡೆಯದು ಎಂದು ತೋರಿಸುವುದು ಇನ್ನೊಂದು.

ತಲೆಮಾರುಗಳಿಂದ ಬಳಸಿದ ಮದ್ದಿಗೆ ಈ ಗೊಡವೆಯೆಲ್ಲ ಏಕೆ ಎಂಬ ಆಕ್ಷೇಪವೂ ಉಂಟು. ಬಳಕೆ ಹಳೆಯದಾದರೂ ಬಳಸುವವರ ಸ್ಥಿತಿ ಹಳೆಯದಲ್ಲ. ನೆಲಾವರಿಕೆಯನ್ನು ವಿಪರೀತವಾಗಿ, ಬಹುಕಾಲ ಸೇವಿಸಿದರೆ ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯಕ್ಕೆಂದು ಡಿಗಾಕ್ಸಿನ್ ನುಂಗುವವರಿಗೆ ಅದು ಅಪಾಯ. ಆದ್ದರಿಂದ ಸಂಶೋಧಕರು ಕರುಳಿನ ಬ್ಯಾಕ್ಟೀರಿಯಾಗಳು ತಯಾರಿಸುವ ಅಣುಗಳನ್ನೂ ಪಟ್ಟಿಗೆ ಸೇರಿಸಲಿ, ವಿರೇಚಕಗಳ ಮಟ್ಟಿಗೆ ರಕ್ತದ ಜರಡಿಯನ್ನು ಬದಿಗಿಡಲಿ. ಪತ್ರಿಕೆಗಳು ಅಂಥ ಲೆಕ್ಕವನ್ನು ಊಹೆಯೆಂದೇ ಅಚ್ಚುಹಾಕಲಿ.