ಗುರುತಿಸುವ ಕಣ್ಣು, ಓದುವ ಕಣ್ಣು

ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣುವುದಿಲ್ಲ. ಗಂಗರ ನಾಡಿನೊಂದಿಗೆ ಪರಂಪರೆ ನಂಟು ಹೇಳುವ ಜೈನ ಆಚಾರ್ಯ ಪೂಜ್ಯಪಾದರು ಇಷ್ಟು ಸಣ್ಣ ಸಂಗತಿಯನ್ನು ಹಿಡಿದು ದೊಡ್ಡದೊಂದು ಸಿದ್ಧಾಂತವನ್ನೇ ಎದುರಿಸಿದರು. ನೈಯಾಯಿಕರ ಲೆಕ್ಕದಲ್ಲಿ ಕಣ್ಣು ತೇಜಸ್ಸಿನಿಂದ ಆದದ್ದು; ಅದರ ಕಿರಣ ಹೊರಟು ಹೋಗಿ ವಸ್ತುವನ್ನು ಮುಟ್ಟಿದರೆ ಮಾತ್ರ ನೋಟ. ಜೈನರು ಇದನ್ನು ಒಪ್ಪಲಿಲ್ಲ. ಮುಟ್ಟಿಯೇ ತಿಳಿಯುವುದಾದರೆ, ಚರ್ಮಕ್ಕೆ ಸೋಕಿದ್ದು ಚರ್ಮಕ್ಕೆ ತಿಳಿಯುವ ಹಾಗೆ, ಕಣ್ಣಿಗೆ ತಾಗಿಕೊಂಡೇ ಇರುವ ಅಂಜನ ಎಲ್ಲಕ್ಕಿಂತ ಮೊದಲು ಕಾಣಬೇಕಿತ್ತಲ್ಲ ಎಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೇಳುತ್ತಾರೆ. ತತ್ತ್ವಾರ್ಥಸೂತ್ರಕ್ಕೆ ಬರೆದ ವ್ಯಾಖ್ಯಾನದ ಈ ಒಂದು ಪ್ರಶ್ನೆಯಲ್ಲಿ ಪ್ರಯೋಗಶಾಲೆಯ ಶಿಸ್ತಿದೆ.

ಗ್ರೀಕರಲ್ಲೂ ಇದೇ ಜಗಳವಿತ್ತು. ಯೂಕ್ಲಿಡ್, ಟಾಲೆಮಿ ಇಬ್ಬರೂ ಕಣ್ಣಿನಿಂದ ಕಿರಣ ಹೊರಡುತ್ತದೆ ಎಂದವರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್-ಹೈಥಮ್ 11ನೇ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ತಿರುವಿಹಾಕಿದರು. ಸೂರ್ಯನನ್ನು ನೋಡಿದರೆ ನೋಯುವುದು ಕಣ್ಣು. ಹಾಗಾದರೆ ಬರುವುದು ಹೊರಗಿನಿಂದ. 1604ರಲ್ಲಿ ಕೆಪ್ಲರ್ ಇನ್ನೂ ಒಳಕ್ಕೆ ಹೋಗಿ, ಅಕ್ಷಿಪಟಲದ ಮೇಲೆ ಲೋಕದ ಬಿಂಬ ತಲೆಕೆಳಗಾಗಿ ಬೀಳುತ್ತದೆ ಎಂದು ತೋರಿಸಿದರು. ಅಲ್ಲಿಂದ ಮುಂದೇನಾಗುತ್ತದೆ ಎಂಬುದನ್ನು ತತ್ತ್ವಜ್ಞಾನಿಗಳಿಗೆ ಬಿಟ್ಟುಕೊಟ್ಟರು. ಬೆಳಕಿನ ಕಥೆ ಮುಗಿದದ್ದು ಅಲ್ಲಿಗೆ. ನೋಟದ ಕಥೆ ಶುರುವಾದದ್ದೂ ಅಲ್ಲಿಂದಲೇ.

ಆ ಮುಂದಿನ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡಿರುವುದು ನಮ್ಮ ದೇಶದ್ದೇ ಒಂದು ಅಧ್ಯಾಯ. ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದು, ಬಡತನದಿಂದಲೋ ಆಸ್ಪತ್ರೆ ದೂರವೆಂದೋ ಚಿಕಿತ್ಸೆಯಿಲ್ಲದೆ ಬೆಳೆದ ಮಕ್ಕಳು ಉತ್ತರ ಭಾರತದ ಹಳ್ಳಿಗಳಲ್ಲಿ ಬಹಳ ಮಂದಿ. ಅಮೆರಿಕದ ಎಂಐಟಿಯಲ್ಲಿ ಪಾಠ ಹೇಳುವ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಅಂಥ ಮಕ್ಕಳನ್ನು ಹುಡುಕಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ, ಆಮೇಲೆ ಅವರ ನೋಟ ಹೇಗೆ ಬೆಳೆಯುತ್ತದೆಂದು ಅಭ್ಯಾಸ ಮಾಡುತ್ತದೆ. ಹುಟ್ಟು ಕುರುಡನೊಬ್ಬನಿಗೆ ಕಣ್ಣು ಬಂದರೆ, ಮುಟ್ಟಿ ಬಲ್ಲ ಗೋಲವನ್ನೂ ಘನವನ್ನೂ ಅವನು ನೋಡಿದೊಡನೆ ಬೇರ್ಪಡಿಸಬಲ್ಲನೇ ಎಂದು 1688ರಲ್ಲಿ ಐರ್ಲೆಂಡಿನ ಮೊಲಿನೋ ತತ್ತ್ವಜ್ಞಾನಿ ಲಾಕ್‌ಗೆ ಪತ್ರ ಬರೆದಿದ್ದರು. ಉತ್ತರಕ್ಕೆ 2011ರ ತನಕ ಕಾಯಬೇಕಾಯಿತು. 8ರಿಂದ 17 ವರ್ಷದ ಐವರು ಮಕ್ಕಳು, ಪೊರೆ ತೆಗೆದ ಸ್ವಲ್ಪದರಲ್ಲೇ, ಕೈಯಲ್ಲಿ ಹಿಡಿದು ತಿಳಿದ ಆಕಾರವನ್ನು ಕಣ್ಣಿನಿಂದ ಆರಿಸಬೇಕಾಗಿ ಬಂದಾಗ ಬರೀ ಊಹೆಯ ಮಟ್ಟದಲ್ಲೇ ಉಳಿದರು. ಕೆಲವೇ ದಿನಗಳಲ್ಲಿ ಕೈ-ಕಣ್ಣುಗಳ ನಡುವೆ ದಾರಿ ತೆರೆಯಿತು.

ಇನ್ನೊಂದು ಪ್ರಯೋಗ ಇದಕ್ಕಿಂತ ದೊಡ್ಡದು ಎಂದು ನನ್ನ ಭಾವನೆ. ಒಂದರ ಮೇಲೊಂದು ಹಾಯ್ದಿರುವ ವೃತ್ತ, ಚೌಕಗಳನ್ನು ತೋರಿಸಿದರೆ ಹೊಸದಾಗಿ ಕಣ್ಣು ಬಂದವರು ಎರಡು ಆಕೃತಿ ಕಾಣಲಿಲ್ಲ; ಗೆರೆಗಳು ಸುತ್ತುವರಿದ ಒಂದೊಂದು ತುಂಡನ್ನೂ ಒಂದೊಂದು ವಸ್ತುವೆಂದು ಎಣಿಸಿದರು. ಆಕೃತಿಗಳು ಅಲುಗಾಡಲು ಶುರುವಾದಾಗ ಮಾತ್ರ, ಜೊತೆಯಾಗಿ ಸರಿಯುವುದೆಲ್ಲ ಒಂದೇ ವಸ್ತು ಎಂದು ಹೊಳೆಯಿತು. ಚಲನೆಯೇ ಅವರ ಮೊದಲ ಗುರು. ಇಂದ್ರಿಯ ಕೊಟ್ಟ ಅರೆಬರೆ ಸುಳಿವುಗಳಿಂದ ಮನಸ್ಸು ನಮಗೆ ಅರಿವಿಲ್ಲದೆಯೇ ತೀರ್ಮಾನಕ್ಕೆ ಬರುತ್ತದೆ ಎಂದು 19ನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಹೇಳಿದ್ದರ ಅರ್ಥ ಈ ಮಕ್ಕಳ ಮುಂದೆ ನಿಂತಾಗ ಮೈಗೆ ತಟ್ಟುತ್ತದೆ. ನಾವು ಸಲೀಸಾಗಿ ‘ನೋಡಿದೆ’ ಎನ್ನುವುದರ ಹಿಂದೆ, ನೆನಪೇ ಇಲ್ಲದ ಶೈಶವದ ದುಡಿಮೆಯಿದೆ.

ಲೋಕವನ್ನು ನೋಡಲು ಕಲಿತವರಿಗೆ ಚಿತ್ರವನ್ನು ನೋಡಲು ಬೇರೆ ಪಾಠ ಬೇಕೇ? ದೃಶ್ಯಭಾಷೆ ಎಂಬ ಮಾತು ಕಲೆಯ ಚರ್ಚೆಯಲ್ಲಿ ಬೇರೂರಿದೆ. ಷಿಕಾಗೋದಲ್ಲಿದ್ದ ಹಂಗೇರಿಯ ಕಲಾವಿದ ಗ್ಯೋರ್ಗಿ ಕೆಪೆಶ್ 1944ರಲ್ಲಿ ದೃಷ್ಟಿಯ ಭಾಷೆ ಎಂದೇ ತಮ್ಮ ಪುಸ್ತಕಕ್ಕೆ ಹೆಸರಿಟ್ಟರು. ಭಾಷೆ ಎಂದರೆ ಕಲಿಯಬೇಕು. ಆದರೆ ಜೂಲಿಯನ್ ಹಾಕ್‌ಬರ್ಗ್ ಮತ್ತು ವರ್ಜೀನಿಯಾ ಬ್ರೂಕ್ಸ್ 1962ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಅಡ್ಡ ಬರುತ್ತದೆ. ಒಂದು ಮಗುವನ್ನು 19 ತಿಂಗಳವರೆಗೆ ಸಾಧ್ಯವಾದಷ್ಟೂ ಚಿತ್ರಗಳಿಂದ ದೂರವಿಟ್ಟು ಬೆಳೆಸಲಾಯಿತು. ಆಟಿಕೆ, ಪಾತ್ರೆ, ಬೂಟುಗಳ ಹೆಸರುಗಳನ್ನು ಅದು ವಸ್ತುಗಳಿಂದಲೇ ಕಲಿತಿತ್ತು. ಕೊನೆಗೆ ರೇಖಾಚಿತ್ರಗಳನ್ನು ಎದುರಿಗಿಟ್ಟಾಗ ಮಗು ಅವುಗಳ ಹೆಸರು ಹೇಳಿತು. ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ದೃಶ್ಯಭಾಷೆ ಎಂಬ ಹೋಲಿಕೆಯಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುತ್ತೇನೆ. ಚಿತ್ರದಲ್ಲಿ ಏನಿದೆಯೆಂದು ಗುರುತಿಸುವುದು ಲೋಕ ನೋಡಿದ ಕಣ್ಣಿಗೆ ಪುಕ್ಕಟೆ ಸಿಗುತ್ತದೆ. ಓದುವುದು ಸಿಗುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ನಾವು ಕಳೆದುಕೊಂಡದ್ದು ಅಪಾರ. ಕುದುರೆಯನ್ನು ಕುದುರೆ ಎಂದು ಯಾರು ಬೇಕಾದರೂ ಹೇಳುತ್ತಾರಲ್ಲ, ಇನ್ನು ಚಿತ್ರ ಓದಲು ಕಲಿಸುವುದೇನಿದೆ ಎಂದು ಶಾಲೆಗಳು ಸುಮ್ಮನಾದವು. ಕಾವ್ಯಕ್ಕೆ ಮೀಮಾಂಸೆ ಕಟ್ಟಿದ ನಮ್ಮ ವಿಮರ್ಶೆಯೂ ಚಿತ್ರದ ಮುಂದೆ ಕಥಾವಸ್ತು ಹೇಳಿ ಮುಂದಕ್ಕೆ ನಡೆಯುತ್ತದೆ.

ಅಮೃತಾಪುರಕ್ಕೆ ಹೋಗಿ ನೋಡಿ. ತರೀಕೆರೆಗೆ ಹತ್ತಿರದ ಈ ಅಮೃತೇಶ್ವರ ದೇವಾಲಯವನ್ನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ 1196ರಲ್ಲಿ ಕಟ್ಟಿಸಿದ. ತೆರೆದ ಮಂಟಪದ ಸುತ್ತಿನ ಗೋಡೆಯಲ್ಲಿ 140 ಕಥಾಫಲಕಗಳಿವೆ. ಉತ್ತರದ ಬದಿಯಲ್ಲಿ 25 ಫಲಕಗಳು ಕೃಷ್ಣನ ಬದುಕಿಗೆ, 45 ಮಹಾಭಾರತಕ್ಕೆ. ಹೊಯ್ಸಳ ಗುಡಿಗಳ ರೂಢಿಯಂತೆ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ, ಭಕ್ತನ ಹೆಜ್ಜೆಯ ಜೊತೆಗೆ. ದಕ್ಷಿಣದ ಬದಿಯ 70 ಫಲಕಗಳು ರಾಮಾಯಣದವು, ಮತ್ತು ಅವು ಎದುರು ದಿಕ್ಕಿಗೆ ಸಾಗುತ್ತವೆ. ಬಲಕ್ಕೆ ಸುತ್ತು ಬರುವವನಿಗೆ ಅಲ್ಲಿ ಕಥೆಯ ಕೊನೆಯೇ ಮೊದಲು ಸಿಗುತ್ತದೆ. ಬಿಲ್ಲು ಹಿಡಿದವನು ರಾಮ, ಬಾಲವಿರುವವರು ವಾನರರು ಎಂದು ಗುರುತಿಸಲು ಯಾರಿಗೂ ತೊಡಕಿಲ್ಲ. ಫಲಕದಿಂದ ಫಲಕಕ್ಕೆ ಮತ್ತೆ ಮತ್ತೆ ಬರುವ ರಾಮ ಹಲವರಲ್ಲ, ಒಬ್ಬನೇ, ಫಲಕಗಳ ನಡುವಿನ ಕಲ್ಲಿನ ಅಂತರವೆಂದರೆ ಕಾಲ ಎಂಬುದು ಓದಿನ ವಿಷಯ. ಎಡಕ್ಕೋ ಬಲಕ್ಕೋ ಎಂಬುದೂ ಓದಿನ ವಿಷಯವೇ. ಕಲ್ಲು ಕಡೆದವರಿಗೆ ಈ ವ್ಯಾಕರಣದ ಮೇಲೆ ಎಷ್ಟು ಹಿಡಿತವಿತ್ತೆಂದರೆ ಒಂದೇ ಗುಡಿಯಲ್ಲಿ ಅದನ್ನು ಎರಡು ರೀತಿಯಲ್ಲಿ ಬಳಸಿದರು.

ಓದಲು ಕಲಿಸುವುದು ಹೇಗೆ ಎಂಬುದಕ್ಕೆ ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಬಳಿ ಸುಳಿವಿದೆ. 1960ರ ದಶಕದಲ್ಲಿ ಬಂದ ಅವರ ಪುಸ್ತಕದಲ್ಲಿ, ನೋಡುವವರ ಕಣ್ಣಿಗೆ ಪುಟ್ಟ ಸಾಧನ ಕೂರಿಸಿ ಕಣ್ಣಿನ ನಡೆಯನ್ನೇ ಗೆರೆಗಳಾಗಿ ದಾಖಲಿಸಿದ ಚಿತ್ರಗಳಿವೆ. ಎದುರಿಗಿದ್ದದ್ದು ಇಲ್ಯಾ ರೆಪಿನ್ನನ ವರ್ಣಚಿತ್ರ: ಗಡೀಪಾರಾಗಿದ್ದವನು ಹೇಳದೆ ಕೇಳದೆ ಮನೆಯ ಬಾಗಿಲಲ್ಲಿ ಬಂದು ನಿಂತಿದ್ದಾನೆ. ಇವರ ವಯಸ್ಸೆಷ್ಟು ಎಂದು ಕೇಳಿದರೆ ಕಣ್ಣು ಮುಖದಿಂದ ಮುಖಕ್ಕೆ ಹಾರುತ್ತದೆ. ಮನೆಯ ಸ್ಥಿತಿಗತಿ ಹೇಗಿದೆ ಎಂದರೆ ಬಟ್ಟೆಗಳ ಮೇಲೆ, ಪೀಠೋಪಕರಣಗಳ ಮೇಲೆ ಇಳಿಯುತ್ತದೆ. ಅದೇ ಚಿತ್ರ, ಅದೇ ಮನುಷ್ಯ. ಪ್ರಶ್ನೆ ಬದಲಾದೊಡನೆ ಕಣ್ಣಿನ ದಾರಿಯೇ ಬದಲು. ಕಿರಣ ಹೊರಗೆ ಹೋಗುವುದಿಲ್ಲ ಎಂದ ಪೂಜ್ಯಪಾದರ ಮಾತು ನಿಜ. ನಮ್ಮೊಳಗಿನಿಂದ ಹೊರಟು ಚಿತ್ರವನ್ನು ಮುಟ್ಟುವುದು ಪ್ರಶ್ನೆ.

ಈ ಸಂಚಿಕೆಯ ಚಿತ್ರಪುಟಗಳಲ್ಲಿ ಅಡಿಬರಹದ ಜಾಗದಲ್ಲಿ ಪ್ರಶ್ನೆಗಳನ್ನು ಮಾತ್ರ ಅಚ್ಚು ಹಾಕಿರುವುದು ಅದಕ್ಕೇ. ಕಲಾವಿದರ ಹೆಸರು, ವರ್ಷ, ಮಾಧ್ಯಮ ಎಲ್ಲವೂ ಕೊನೆಯ ಪುಟದಲ್ಲಿವೆ. ಚಿತ್ರಗಳೊಡನೆ ಒಂದಷ್ಟು ಹೊತ್ತು ಕಳೆದ ಮೇಲೆ ಆ ಪುಟಕ್ಕೆ ಹೋಗಿ, ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ, ಅವರು ಕೇಳುವ ಪ್ರಶ್ನೆಗಳನ್ನು ನಮಗೆ ಬರೆದು ಕಳಿಸಿ.