ಬೀದರಿನ ಸಾಹಿಬ್ ಸಿಂಗರ ಕಸುಬನ್ನು ಯಾಕೆ ನುಂಗುತ್ತೀರಿ?

ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು ಎಂದು ಹೇಳಿಕೊಳ್ಳಲು ನಮಗೆ ಬಲು ಹೆಮ್ಮೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಅವರೊಬ್ಬರು. ಗುರುನಾನಕ್ ಝರಾ ನೋಡಲು ಬಂದ ನೆಂಟರಿಗೆ ಈ ಕಥೆ ಹೇಳುವಾಗ ಒಂದು ಮಾತನ್ನು ಮಾತ್ರ ನುಂಗಿಬಿಡುತ್ತೇವೆ: ಅವರು ಕ್ಷೌರಿಕ ಕುಲದವರು. ಉಳಿದ ನಾಲ್ವರಲ್ಲಿ ಒಬ್ಬರು ನೀರು ಹೊರುವವರು, ಒಬ್ಬರು ಬಟ್ಟೆಗೆ ಅಚ್ಚು ಒತ್ತುವವರು, ಒಬ್ಬರು ಜಾಟರು, ಒಬ್ಬರು ಖತ್ರಿ. ಐವರೂ ಒಂದೇ ಬಟ್ಟಲಿನ ಅಮೃತ ಕುಡಿದರು. ಗುರುಗಳೂ ಅವರ ಕೈಯಿಂದಲೇ ಅಮೃತ ಪಡೆದರು. ಕೂದಲು ಕತ್ತರಿಸುವ ಕುಲದವರು ಕೂದಲು ಕತ್ತರಿಸದ ಪಂಥ ಸೇರಿದರು ಎಂದರೆ ಹುಟ್ಟಿನ ಕಸುಬಿನ ಹಗ್ಗವನ್ನೇ ಹರಿದರು ಎಂದರ್ಥ. ನಮ್ಮ ಸಾಯಗಾಂವದ ಕಡೆ ಇಂದಿಗೂ ಜಗಳಕ್ಕಿಳಿದವನ ಬಾಯಲ್ಲಿ ‘ಹಜಾಮ’ ಎಂಬುದು ಬೈಗುಳವೇ.

ಹಾಗೆಂದು ಸಿಖ್ಖರಲ್ಲಿ ಜಾತಿ ಅಳಿಯಿತು ಎಂಬ ಸಲೀಸು ಮಾತನ್ನೂ ನಾನು ಒಪ್ಪುವವನಲ್ಲ. 18ನೇ ಶತಮಾನದ ಮಿಸಲ್‌ಗಳನ್ನು ನೋಡಿ. ಕುದುರೆ ಸವಾರರ ಈ ದಂಡುಗಳು ಪಂಜಾಬಿನ ನೆಲ ಗೆದ್ದು ಹಂಚಿಕೊಂಡವು. ಹೆಂಡದ ಕಸುಬಿನ ಕಲಾಲರ ಮನೆತನದ ಜಸ್ಸಾ ಸಿಂಗ್ ಅಹ್ಲುವಾಲಿಯಾ ಇವುಗಳ ಒಕ್ಕೂಟವಾದ ದಳ ಖಾಲ್ಸಾದ ಮುಖಂಡರಾದರು. ಬಡಗಿ ಕುಲದ ಜಸ್ಸಾ ಸಿಂಗ್ ರಾಮಗಢಿಯಾ ಒಂದು ಮಿಸಲ್‌ನ ನಾಯಕರಾದರು. ಮುಂದೆ ಕಲಾಲರು ತಮ್ಮನ್ನು ಅಹ್ಲುವಾಲಿಯಾ ಎಂದೂ, ಬಡಗಿಗಳು ರಾಮಗಢಿಯಾ ಎಂದೂ ಕರೆದುಕೊಂಡರು. ಜಾತಿ ಹೋಗಲಿಲ್ಲ, ಮೇಲೇರಿ ಹೆಸರು ಬದಲಿಸಿಕೊಂಡಿತು.

ಮೇಲೇರಲು ಬಿಡದವರ ಕಥೆ ಬೇರೆ. 1675ರಲ್ಲಿ ಗುರು ತೇಗ್ ಬಹಾದೂರರ ಶಿರವನ್ನು ದೆಹಲಿಯಿಂದ ಹೊತ್ತು ತಂದವರು ಭಾಯಿ ಜೈತಾ. ಕಸ ಗುಡಿಸುವವರೆಂದು ಊರು ದೂರವಿಟ್ಟ ಸಮುದಾಯದವರು. ರಂಗ್ರೇಟಾ ಎಂಬುದು ಖಾಲ್ಸಾದಲ್ಲಿ ಆ ಸಮುದಾಯಕ್ಕೆ ಬಂದ ಹೆಸರು. 1734ರಲ್ಲಿ ತರುಣ ದಳವನ್ನು ಐದು ಜತ್ಥಾಗಳಾಗಿ ಮಾಡಿದಾಗ ಒಂದರ ನಾಯಕತ್ವ ಬೀರ್ ಸಿಂಗ್ ರಂಗ್ರೇಟಾ ಅವರದ್ದಾಗಿತ್ತು. ಮುಂದಿನ ಹನ್ನೆರಡು ಮಿಸಲ್‌ಗಳ ಪಟ್ಟಿಯಲ್ಲಿ ರಂಗ್ರೇಟರದೊಂದೂ ಇಲ್ಲ. ಕತ್ತಿ ಹಿಡಿಯುವಾಗ ಬೇಕಾದವರು ಹೊಲ ಹಂಚುವಾಗ ಬೇಡವಾದರು.

ಇದು ಪಂಜಾಬಿನವರ ಚಾಳಿ ಎಂದು ಮೂಗು ಮುರಿಯುವ ಹಕ್ಕು ನಮಗಂತೂ ಇಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಕ್ಷೌರಿಕ ಸಮುದಾಯ ತನ್ನ ಹಿರಿಯರೆಂದು ನೆನೆಯುತ್ತದೆ. ಅವರ ಜಯಂತಿಯ ವೇದಿಕೆಯಲ್ಲಿ ಸಮಾನತೆಯ ಭಾಷಣ ಬಿಗಿದವರು ಮದುವೆ ಸಂಬಂಧದ ಮಾತು ಬಂದರೆ ಮೊದಲು ಕೇಳುವುದು ಕುಲವನ್ನೇ.

ಆದ್ದರಿಂದ ಬೀದರಿನ ಮೇಷ್ಟ್ರುಗಳಿಗೆ ನನ್ನದೊಂದು ತಕರಾರು: ಸಾಹಿಬ್ ಸಿಂಗರನ್ನು ಬರೀ ‘ವೀರ ಯೋಧ’ ಎಂದು ಹೇಳಿ ಮುಗಿಸಬೇಡಿ. ಅವರ ಕುಲದ ಕಸುಬನ್ನೂ ಹೇಳಿ. ಅದೇ ತರಗತಿಯಲ್ಲಿ, ಮಿಸಲ್ ಸಿಗದ ಬೀರ್ ಸಿಂಗರ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ.